ಹಳೆ ಕಂಪ್ಯೂಟರ್ ಭಂಗಾರಕ್ಕ ಹಾಕೋ ಮೊದಲು ಒಳಗಿನ ಡೇಟಾ ಪೂರ್ತಿ ಅಳಸೋದು ಹೆಂಗ್ರಿ?

ದಾಲ್‌ಮಿಲ್ ಲೆಕ್ಕ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಸೂಪರ್ ಮಾರ್ಕೆಟ್ ಕಡಿ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟ್ ಹತ್ರ ಕೆಲಸ ಮಾಡ್ತೀನಿ. ನಮ್ಮ ಗಿರಾಕಿಗಳು ಹೆಚ್ಚಿನವ್ರು ದಾಲ್ ಮಿಲ್ಲಿನವ್ರು, ಗಂಜಿನ ಅಡತಿ ಅಂಗಡಿಯವ್ರು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ನಿಂತಮ್ಯಾಗ ಆಫೀಸಿಗಿ ಹೊಸ ಮಷಿನ್ ಬಂದಾವ. ಹಳೇವಕ್ಕ ವಿಂಡೋಸ್ 11 ಹತ್ತಂಗಿಲ್ಲ. ಒಳಗಿನ ರೂಮಿನಾಗ ಒಂದರ ಮ್ಯಾಗ ಒಂದು ಪೇರಿಸಿಟ್ಟೀವಿ.

ಭಂಗಾರದವ ಕಿಲೋ ಲೆಕ್ಕದಾಗ ಒಯ್ತೀನಿ ಅಂತಾನ. ನಮ್ ಸರ್ "ಫಾರ್ಮ್ಯಾಟ್ ಹೊಡದು ಕೊಟ್ಟುಬಿಡವಾ" ಅಂದಾರ. ನನಗ ಮನಸ್ಸು ಒಪ್ಪವಲ್ದು. ಆ ಡಿಸ್ಕಿನಾಗ ಊರ ಮಂದಿ ಪ್ಯಾನ್, ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಲುದಾರಿಕೆ ಪತ್ರ, ಟ್ಯಾಲಿ ಬ್ಯಾಕಪ್ ಎಲ್ಲಾ ಅವ. "ಲಾಗಿನ್ ಫೈನಲ್ ಹೊಸದು" ಅಂತ ಒಂದು ಎಕ್ಸೆಲ್ ಫೈಲ್ ಅದ. ಒಂದು ಕಾಲಮ್ಮಿನಾಗ ಜಿಎಸ್‌ಟಿ ಯೂಸರ್ ಹೆಸರು, ಬಾಜೂಕ ಪಾಸ್‌ವರ್ಡ್, ಅದರ ಬಾಜೂಕ ಓಟಿಪಿ ಬರೋ ಮೊಬೈಲ್ ನಂಬರ್. ಇದು ಯಾರ ಕೈಗರ ಸಿಕ್ರ ಏನಾಗ್ತದ ಅಂತ ನೀವೇ ವಿಚಾರ ಮಾಡ್ರಿ.

ಡೆಸ್ಕ್‌ಟಾಪ್‌ಗಳಾಗ ಹಾರ್ಡ್ ಡಿಸ್ಕ್ ಅವ. ಸರ್ ಲ್ಯಾಪ್‌ಟಾಪಿನಾಗ ಎಸ್‌ಎಸ್‌ಡಿ (ತಿರುಗೋ ಪ್ಲೇಟ್ ಇಲ್ಲದ ಚಿಪ್ಪಿನ ಡಿಸ್ಕ್) ಅದ. ಒಂದು ಡಬ್ಬಿ ತುಂಬ ಸಿಡಿ, ಪೆನ್‌ಡ್ರೈವ್. ಸಿಸಿ ಕ್ಯಾಮೆರಾದ ಹಳೆ ಡಿವಿಆರ್. ಒಂದು ದೊಡ್ಡ ಝೆರಾಕ್ಸ್ ಮಷಿನ್ ಸುದ್ದಾ ಹೋಗೋದದ. ಎಲ್ಲಾಕ್ಕೂ ಒಂದೇ ಉಪಾಯ ಅದನೋ, ಬ್ಯಾರೆ ಬ್ಯಾರೆನೋ? ಗೊತ್ತಿದ್ದವ್ರು ಹೇಳ್ರಿ.

ಬಿಸಿಲ ನಾಡು

ತಂಗೀ, ಇಷ್ಟ್ ತಲಿ ಕೆಡಿಸ್ಕೋಬ್ಯಾಡ. ಡಿಸ್ಕ್ ಹೊರಗ ತಗಿ, ಕಲ್ಲಿನ ಮ್ಯಾಗಿಟ್ಟು ಸುತ್ತಿಗಿಲಿ ನಾಕ್ ಏಟು ಹಾಕು. ಮುಗೀತು.

ಗಂಜ್ ಗೆಳೆಯ

ಸ್ಪೀಕರಿನ ಮ್ಯಾಗ್ನೆಟ್ ತಿಕ್ಕಿದ್ರ ಎಲ್ಲಾ ಹೋಗ್ತದಂತ ಕೇಳೀನಿ. ಖರೇನಾ?

ಜಗತ್ ಸರ್ಕಲ್ ರಿಪೇರಿ

ಗಂಜ್ ಅಣ್ಣಾರ, ಖರೆ ಅಲ್ಲ. ಫ್ಲಾಪಿಗಿ, ಹಳೆ ಕ್ಯಾಸೆಟ್ಟಿಗಿ ಆ ಮಾತು ನಡೀತದ. ಹಾರ್ಡ್ ಡಿಸ್ಕಿನ ಒಳಗ ಹೆಡ್ ಆಡಸ್ಲಕ್ಕ ಅಂತ ಸ್ಪೀಕರಿಗಿಂತ ಜೋರಿನ ಮ್ಯಾಗ್ನೆಟ್ ಮೊದಲೇ ಇರ್ತಾವ. ಹಳೆ ಡಿಸ್ಕ್ ಬಿಚ್ಚಿದಾಗ ನಾವು ಅವನ್ನ ತಗದಿಟ್ಕೋತೀವಿ, ಎರಡು ಕೂಡ್ಕೊಂಡ್ರ ಬಿಡಸಲಿಕ್ಕ ಬೆರಳು ನೋಯ್ತಾವ. ಅಂಥಾವು ಪಕ್ಕದಾಗೇ ಕುಂತ್ರೂ ಪ್ಲೇಟಿನ ಮ್ಯಾಗಿನ ಡೇಟಾಕ್ಕ ಏನೂ ಆಗಂಗಿಲ್ಲ. ಡೀಗಾಸರ್ ಅಂತ ಬ್ಯಾರೇ ಮಷಿನ್ ಬರ್ತದ, ಅದಕ್ಕ ಹಾಕಿದ್ರ ಡೇಟಾನೂ ಹೋಗ್ತದ, ಡಿಸ್ಕೂ ಮತ್ತ ಕೆಲಸಕ್ಕ ಬರಂಗಿಲ್ಲ. ಆದ್ರ ಎಸ್‌ಎಸ್‌ಡಿ, ಪೆನ್‌ಡ್ರೈವ್, ಸಿಡಿಗಿ ಅದರಿಂದಲೂ ಏನೂ ಆಗಂಗಿಲ್ಲ. ಅವುಗಳಾಗ ಮ್ಯಾಗ್ನೆಟ್ ಮ್ಯಾಗ ಬರೆಯೋ ಕೆಲಸನೇ ಇಲ್ಲ.

ಲೆಕ್ಕದ ಅಕ್ಕಾರ, ನಿಮ್ ಸರ್ ಹೇಳಿದ ಕ್ವಿಕ್ ಫಾರ್ಮ್ಯಾಟ್ ಅಂದ್ರ ವಹಿಯ ಮುಂದಿನ ಪರಿವಿಡಿ ಹಾಳಿ ಅಷ್ಟ ಹರದು ಒಗದಂಗ. ಒಳಗಿನ ಲೆಕ್ಕ ಹಂಗೇ ಕುಂತಿರ್ತದ. ಫುಕಟ್ ಸಿಗೋ ರಿಕವರಿ ಸಾಫ್ಟ್‌ವೇರ್ ಹಾಕಿದ್ರ ಫೋಟೋ, ಪಿಡಿಎಫ್ ಸಾಲಾಗಿ ಮ್ಯಾಗ ಬರ್ತಾವ. ಅದೇ ನಮ್ ದಂಧಾ, ಅದಕ್ಕ ಹೇಳ್ಲಕತ್ತೀನಿ.

ಹಾರ್ಡ್ ಡಿಸ್ಕಿಗಿ ಹಿಂಗ ಮಾಡ್ರಿ. ಡಿಸ್ಕ್ ತಗದು ಇನ್ನೊಂದು ಕಂಪ್ಯೂಟರಿಗಿ ಹಚ್ರಿ. ವಿಂಡೋಸಿನಾಗ ಡಿಸ್ಕ್‌ಪಾರ್ಟ್ (ಆಜ್ಞೆ ಟೈಪ್ ಮಾಡಿ ಡಿಸ್ಕ್ ನೋಡ್ಕೊಳ್ಳೋ ಸಾಧನ) ತೆರೀರಿ, ಲಿಸ್ಟ್ ಡಿಸ್ಕ್ ಕೊಟ್ಟು ಸೈಜ್ ನೋಡಿ ಯಾವುದು ಹಳೇದು ಅಂತ ಖಾತ್ರಿ ಮಾಡ್ಕೋರಿ, ಅದನ್ನ ಸೆಲೆಕ್ಟ್ ಮಾಡಿ ಕ್ಲೀನ್ ಆಲ್ ಕೊಡ್ರಿ. ಬರೇ ಕ್ಲೀನ್ ಅಂದ್ರ ಪಾರ್ಟಿಷನ್ ಅಷ್ಟ ಹೋಗ್ತದ, ಅದೂ ಒಂದೇ ಕ್ಷಣದಾಗ. ಕ್ಲೀನ್ ಆಲ್ ಅಂದ್ರ ಮೊದಲಿನಿಂದ ಕೊನೀತನಕ ಪ್ರತಿ ಸೆಕ್ಟರ್ (ಡಿಸ್ಕಿನ ಸಣ್ಣ ಖಾನೆ) ಮ್ಯಾಗ ಸೊನ್ನಿ ಬರೀತದ. ಸೆಕೆಂಡಿಗಿ ನೂರು ಎಂಬಿ ಹಿಡಿದ್ರ 500 ಜಿಬಿ ಡಿಸ್ಕಿಗಿ ಒಂದೂವರೆ ತಾಸಿನ ಹತ್ರ ಬೇಕು. ಹಳೆ ಯುಎಸ್‌ಬಿ 2 ಕೇಬಲ್ಲಿನಾಗ ಹಚ್ಚಿದ್ರ ನಾಕೈದು ತಾಸು. ನಟ್ಟ ನಡುವ ಕರೆಂಟ್ ಹೋದ್ರ ಮತ್ತ ಮೊದಲಿನಿಂದ, ಅದಕ್ಕ ಯುಪಿಎಸ್ ಮ್ಯಾಗಿಡ್ರಿ.

ಸೆಲೆಕ್ಟ್ ಮಾಡೋ ಮುಂದ ಮಾತ್ರ ಎರಡೆರಡು ಸಲ ನೋಡ್ರಿ. ಹೊಸ ಡಿಸ್ಕ್ ಸೆಲೆಕ್ಟ್ ಆದ್ರ ಅದಕ್ಕ ವಾಪಸ್ ದಾರಿ ಇಲ್ಲ.

ಕೋಟಿ ಹಿಂದಿನ ಓಣಿ

ಒಂದು ಸಲ ಬರದ್ರ ಸಾಲಂಗಿಲ್ರಿ ಸರ್. ಕನಿಷ್ಠ ಏಳು ಸಲ ಬರೀಬೇಕು. ಪೂರ್ತಿ ಭದ್ರ ಬೇಕಂದ್ರ 35 ಸಲ. ಲ್ಯಾಬಿನಾಗ ಸೂಕ್ಷ್ಮದರ್ಶಕ ಹಾಕಿ ಹಳೆ ಅಕ್ಷರ ಓದ್ತಾರ.

ಕಡಗಂಚಿ ಕ್ಯಾಂಪಸ್

ಓಣಿ ಅಣ್ಣಾ, ಆ 35ರ ಲೆಕ್ಕ ಬಂದಿದ್ದು ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ. ಆಗಿನ ಡಿಸ್ಕುಗಳಲ್ಲಿ ಡೇಟಾ ಬರೆಯುವ ಪದ್ಧತಿಗಳು ಹಲವು ಇದ್ದವು. ಯಾವ ಡಿಸ್ಕ್ ಸಿಕ್ಕರೂ ನಡೆಯಲಿ ಅಂತ ಎಲ್ಲ ಪದ್ಧತಿಗೂ ಬೇಕಾದ ನಮೂನೆಗಳನ್ನು ಒಂದೇ ಪಟ್ಟಿಗೆ ಸೇರಿಸಿದರು, ಅದು 35 ಆಯಿತು. ಒಂದೇ ಡಿಸ್ಕಿಗೆ 35ನ್ನೂ ಹಾಕುವ ಅಗತ್ಯ ಆಗಲೂ ಇರಲಿಲ್ಲ. ಹೊಸ ಡಿಸ್ಕುಗಳಿಗೆ ಅದು ಅರ್ಥವಿಲ್ಲದ್ದು ಅಂತ ಗುಟ್‌ಮನ್ ಅವರೇ ಆಮೇಲೆ ಬರೆದಿದ್ದಾರೆ.

ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಅನ್ನುವ ಮಾರ್ಗಸೂಚಿಯನ್ನು ಈಗ ಎಲ್ಲರೂ ಆಧಾರವಾಗಿ ಹಿಡಿಯುತ್ತಾರೆ. ಇದು ಮೊದಲು ಬಂದದ್ದು 2006ರಲ್ಲಿ, 2014ರಲ್ಲಿ ಮತ್ತು 2025ರಲ್ಲಿ ಪರಿಷ್ಕರಣೆ ಆಯಿತು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಮೇಲ್ಬರಹ ಮಾಡಿದರೆ ಸಾಕು ಅಂತ ಅದರ 2014ರ ಆವೃತ್ತಿಯಲ್ಲೇ ಇದೆ. ಏಳು ಸಲ ಓಡಿಸಿದರೆ ಕರೆಂಟ್ ಬಿಲ್ ಏರುತ್ತದೆ ಅಷ್ಟೇ. ಆ ಹೊತ್ತನ್ನು ಅಳಿಸಿದ್ದು ನಿಜವಾಗಿ ಅಳಿಸಿದೆಯಾ ಅಂತ ಪರೀಕ್ಷೆ ಮಾಡಲು ಕೊಡಿ. ರಿಕವರಿ ಸಾಫ್ಟ್‌ವೇರ್ ನೀವೇ ಒಮ್ಮೆ ಓಡಿಸಿ ನೋಡಿ, ಒಂದು ಫೈಲೂ ಸಿಗಬಾರದು.

ಕೋಟಿ ಹಿಂದಿನ ಓಣಿ

ಗುಟ್‌ಮನ್ ಅವ್ರೇ ಹೇಳ್ಯಾರಂದ್ರ ಒಪ್ಪಿದೆ ತಮ್ಮಾ. ಆದ್ರ ಬ್ಯಾಡ್ ಸೆಕ್ಟರ್ ಇದ್ದ ಡಿಸ್ಕಿಗಿ ಏನ್ ಹೇಳ್ತಿ? ಅಲ್ಲಿ ಸೊನ್ನಿ ಬರೀಲಿಕ್ಕೇ ಆಗಂಗಿಲ್ಲಲ್ಲ.

ಕಡಗಂಚಿ ಕ್ಯಾಂಪಸ್

ಇದು ಸರಿಯಾದ ಪ್ರಶ್ನೆ. ಕೆಟ್ಟ ಸೆಕ್ಟರನ್ನು ಡಿಸ್ಕ್ ತಾನೇ ಬದಿಗಿಟ್ಟು ಬೇರೆ ಜಾಗ ಕೊಟ್ಟಿರುತ್ತದೆ. ಬದಿಗಿಟ್ಟ ಜಾಗ ವಿಂಡೋಸಿಗೆ ಕಾಣುವುದೇ ಇಲ್ಲ, ಕ್ಲೀನ್ ಆಲ್ ಅಲ್ಲಿಗೆ ಮುಟ್ಟುವುದಿಲ್ಲ. ಅಂಥ ಡಿಸ್ಕ್, ಆಮೇಲೆ ಟಿಕ್ ಟಿಕ್ ಅಂತ ಸಪ್ಪಳ ಮಾಡುತ್ತಾ ಶುರುವೇ ಆಗದ ಡಿಸ್ಕ್, ಇವೆರಡನ್ನೂ ಬಿಸಿಲ ನಾಡು ಅಣ್ಣನ ಸುತ್ತಿಗೆಗೆ ಒಪ್ಪಿಸಬಹುದು.

ಬಿಸಿಲ ನಾಡು

ನಾ ಮೊದಲೇ ಹೇಳಿದ್ನಲ್ಲ.

ಜಗತ್ ಸರ್ಕಲ್ ರಿಪೇರಿ

ಹೇಳಿದ್ದು ಸರಿ ಅಣ್ಣಾ, ಆದ್ರ ಎಲ್ಲಿ ಹೊಡೀಬೇಕು ಅಂತ ಹೇಳ್ಲಿಲ್ಲ. ಮ್ಯಾಗಿನ ಕವಚ ತಗ್ಗು ಬಿದ್ರ ಒಳಗಿನ ಪ್ಲೇಟಿಗಿ ಏನೂ ಆಗಿರಂಗಿಲ್ಲ. ಹಸಿರು ಬೋರ್ಡ್ ಒಡದ್ರ ಅದೇ ಮಾಡೆಲ್ಲಿನ ಬೋರ್ಡ್ ತಂದು ಹಚ್ಚಿ ಡೇಟಾ ತಗಿಯೋರು ಅದಾರ. ಒಡೀಬೇಕಾದದ್ದು ಪ್ಲೇಟ್. ಮುಚ್ಚಳಕ್ಕ ನಕ್ಷತ್ರದಂಥ ಸ್ಕ್ರೂ ಇರ್ತಾವ, ದೊಡ್ಡ ಡಿಸ್ಕಿಗಿ ಹೆಚ್ಚಾಗಿ ಟಿ-8 ಹಿಡೀತದ. ಒಂದು ಸ್ಕ್ರೂ ಲೇಬಲ್ ಕೆಳಗ ಅಡಗಿರ್ತದ, ಅದು ಕಾಣಲಾರದಕ್ಕ ಮಂದಿ ಮುಚ್ಚಳ ಬರವಲ್ದು ಅಂತ ಒದ್ದಾಡ್ತಾರ. ಲೇಬಲ್ ಮ್ಯಾಗ ಬೆರಳಾಡಿಸಿದ್ರ ತಗ್ಗು ಸಿಗ್ತದ, ಅಲ್ಲಿ ಚುಚ್ರಿ.

ಡೆಸ್ಕ್‌ಟಾಪ್ ಡಿಸ್ಕಿನ ಪ್ಲೇಟ್ ಹೆಚ್ಚಾಗಿ ಅಲ್ಯುಮಿನಿಯಂ, ಬಾಗ್ತದ. ಡ್ರಿಲ್ಲಿಲೆ ಮೂರ್ನಾಕು ಕಡಿ ತೂತು ಹಾಕ್ರಿ, ಇಲ್ಲಾ ಇಕ್ಕಳದಾಗ ಹಿಡದು ಬಗ್ಗಸ್ರಿ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿನಾಗ ಪ್ಲೇಟ್ ಗಾಜಿಂದಿರ್ತದ. ಅದು ಬಾಗಂಗಿಲ್ಲ, ಸಿಡೀತದ. ಕಣ್ಣಿಗಿ ಕನ್ನಡಕ ಹಾಕದೆ ಅದಕ್ಕ ಕೈ ಹಚ್ಚಬ್ಯಾಡ್ರಿ. ಗೋಣಿಚೀಲದಾಗ ಸುತ್ತಿ ಹೊಡೀರಿ.

ಸಗರನಾಡು ಮೇಷ್ಟ್ರು (ಯಾದಗಿರಿ)

ಎಲ್ಲರೂ ಒಡೆಯುವ ಮಾತೇ ಆಡುತ್ತಿದ್ದೀರಿ, ನನಗೆ ಸಂಕಟ ಆಗುತ್ತಿದೆ. ನಮ್ಮ ಶಾಲೆಯಲ್ಲಿ ಒಂದು ಕಂಪ್ಯೂಟರ್ ಸುತ್ತ ಮಕ್ಕಳು ಗುಂಪುಗಟ್ಟಿ ನಿಲ್ಲುತ್ತಾರೆ. ಹಿಂದಿದ್ದವರಿಗೆ ಪರದೆಯೇ ಕಾಣುವುದಿಲ್ಲ. ವಿಂಡೋಸ್ 11 ಹತ್ತದ ಮಷಿನ್ ಕೆಟ್ಟ ಮಷಿನ್ ಅಲ್ಲ. ಲಿನಕ್ಸ್ ಹಾಕಿದರೆ ಮಕ್ಕಳು ಟೈಪಿಂಗ್, ಸ್ಪ್ರೆಡ್‌ಶೀಟ್, ಪ್ರೋಗ್ರಾಮಿಂಗ್ ಎಲ್ಲ ಕಲಿಯಬಹುದು. ತಂಗೀ, ಕಿಲೋ ಲೆಕ್ಕಕ್ಕೆ ಹಾಕುವ ಮೊದಲು ಹತ್ತಿರದ ಸರ್ಕಾರಿ ಶಾಲೆಯನ್ನು ಒಂದು ಮಾತು ಕೇಳಿ.

ಬಿಸಿಲ ನಾಡು

ಮೇಷ್ಟ್ರ, ಮಕ್ಕಳ ಮ್ಯಾಗ ನಮಗೂ ಪ್ರೀತಿ ಅದ. ಆದ್ರ ಮಂದಿ ಬ್ಯಾಂಕಿನ ಕಾಗದ ಇದ್ದ ಡಿಸ್ಕ್ ಶಾಲಿಗಿ ಕೊಟ್ಟು, ನಾಳೆ ಏನರ ಹೆಚ್ಚುಕಡಿಮಿ ಆದ್ರ ಜವಾಬ್ದಾರಿ ಯಾರದು? ಆಕಿದು. ನಿಮ್ದೂ ಅಲ್ಲ, ನಂದೂ ಅಲ್ಲ.

ಸಗರನಾಡು ಮೇಷ್ಟ್ರು (ಯಾದಗಿರಿ)

ಡಿಸ್ಕ್ ಕೊಡಿ ಅಂತ ನಾನು ಕೇಳಲಿಲ್ಲ ಅಣ್ಣಾ. ಡಿಸ್ಕ್ ತೆಗೆದಿಟ್ಟುಕೊಂಡು ಉಳಿದ ಡಬ್ಬಿ, ಮಾನಿಟರ್, ಕೀಬೋರ್ಡ್ ಕೊಡಿ. ಒಂದು ಸಣ್ಣ ಎಸ್‌ಎಸ್‌ಡಿಗೆ ಊರಲ್ಲಿ ಯಾರಾದರೂ ಪುಣ್ಯಾತ್ಮರು ಸಿಕ್ಕೇ ಸಿಗುತ್ತಾರೆ. ಹೊಸ ಎಸ್‌ಎಸ್‌ಡಿ ಹಾಕಿದರೆ ಹಳೆ ಮಷಿನ್ ಓಡುವ ಓಟವೇ ಬೇರೆ.

ದಾಲ್‌ಮಿಲ್ ಲೆಕ್ಕ (ಕಲಬುರಗಿ)

ಮೇಷ್ಟ್ರ, ಈ ಮಾತು ಭಾಳ ಚಲೋ ಅನಸ್ತು. ಸರ್ ಹತ್ರ ಮಾತಾಡ್ತೀನಿ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೂ ಅದೇ ಕ್ಲೀನ್ ಆಲ್ ನಡೀತದೇನ್ರಿ?

ಕಡಗಂಚಿ ಕ್ಯಾಂಪಸ್

ಅಕ್ಕಾ, ಅಲ್ಲಿ ಅದೊಂದನ್ನೇ ನಂಬಬೇಡಿ. ಎಸ್‌ಎಸ್‌ಡಿಯಲ್ಲಿ ಒಂದೇ ಜಾಗಕ್ಕೆ ಪದೇ ಪದೇ ಬರೆದರೆ ಆ ಜಾಗ ಸವೆಯುತ್ತದೆ. ಅದಕ್ಕೇ ಒಳಗಿನ ಕಂಟ್ರೋಲರ್ ಪ್ರತಿ ಸಲ ಹೊಸ ಜಾಗ ಹುಡುಕಿ ಬರೆಯುತ್ತದೆ. ನೀವು ಒಂದು ಫೈಲಿನ ಮೇಲೆ ಸೊನ್ನೆ ಬರೆದೆ ಅಂದುಕೊಂಡರೂ ಸೊನ್ನೆ ಬೀಳುವುದು ಬೇರೆ ಕಡೆ, ಹಳೆಯದು ಇದ್ದಲ್ಲೇ ಇರಬಹುದು. ಜೊತೆಗೆ ಹೊರಗೆ ತೋರಿಸುವ ಸೈಜಿಗಿಂತ ಒಳಗೆ ಸ್ವಲ್ಪ ಹೆಚ್ಚಿನ ಜಾಗ ಇರುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು ಚಿಪ್‌ಗಳನ್ನೇ ನೇರವಾಗಿ ಓದಿ ನೋಡಿದರು. ಒಂದೊಂದೇ ಫೈಲ್ ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿಯಲ್ಲಿ ನಂಬುವಂತಿರಲಿಲ್ಲ.

ಸರಿಯಾದ ದಾರಿ ಅಂದರೆ ಡ್ರೈವಿಗೇ ಅಪ್ಪಣೆ ಕೊಡುವುದು. ಸಾಟಾ (ಹಳೆ ನಮೂನೆ) ಎಸ್‌ಎಸ್‌ಡಿಗೆ ಸೆಕ್ಯೂರ್ ಇರೇಸ್, ಎನ್‌ವಿಎಂಇಗೆ (ಹೊಸ, ವೇಗದ ನಮೂನೆ) ಸ್ಯಾನಿಟೈಜ್ ಅಥವಾ ಫಾರ್ಮ್ಯಾಟ್ ಆಜ್ಞೆ. ಸ್ಯಾಮ್‌ಸಂಗ್, ಕಿಂಗ್‌ಸ್ಟನ್, ಡಬ್ಲ್ಯುಡಿ ತಮ್ಮ ಡ್ರೈವಿಗೆ ತಮ್ಮದೇ ಸಾಫ್ಟ್‌ವೇರ್ ಕೊಡುತ್ತಾರೆ. ಕೆಲವು ಲ್ಯಾಪ್‌ಟಾಪಿನ ಬಯೋಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟಿಂಗ್) ಮೆನುವಿನಲ್ಲೇ ಈ ಆಯ್ಕೆ ಇರುತ್ತದೆ. ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಮಾಡಲು ಹೋಗಬೇಡಿ, ಎಷ್ಟೋ ಡಬ್ಬಿಗಳು ಆ ಆಜ್ಞೆಯನ್ನು ಒಳಗೆ ಬಿಡುವುದೇ ಇಲ್ಲ. ಡ್ರೈವ್ ಫ್ರೋಜನ್ ಅಂತ ತೋರಿಸಿದರೆ ಲ್ಯಾಪ್‌ಟಾಪನ್ನು ಒಮ್ಮೆ ಸ್ಲೀಪ್ ಮಾಡಿ ಎಬ್ಬಿಸಿ, ಬಹಳಷ್ಟು ಸಲ ಬೀಗ ಬಿಡುತ್ತದೆ.

ಕೋಟಿ ಹಿಂದಿನ ಓಣಿ

ಬಿಟ್‌ಲಾಕರ್ (ಡಿಸ್ಕ್ ಪೂರ್ತಿ ಗುಪ್ತಲಿಪಿ, ಅಂದ್ರ ಎನ್‌ಕ್ರಿಪ್ಟ್ ಮಾಡೋ ವಿಂಡೋಸಿನ ಸೌಲಭ್ಯ) ಹಾಕಿ ಕೀ ಅಳಿಸಿಬಿಟ್ರ?

ಕಡಗಂಚಿ ಕ್ಯಾಂಪಸ್

ಮೊದಲ ದಿನದಿಂದ ಹಾಕಿದ್ದರೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಕೀ ಹೋದರೆ ಉಳಿದದ್ದು ಅರ್ಥವಾಗದ ಬರಹ. ಆದರೆ ವರ್ಷಗಟ್ಟಲೆ ಬಿಚ್ಚು ಇಟ್ಟು, ಮಾರುವ ಹಿಂದಿನ ದಿನ ಎನ್‌ಕ್ರಿಪ್ಟ್ ಮಾಡಿದರೆ ಮೂಲೆಯಲ್ಲಿ ಹಳೆಯದು ಉಳಿದಿರಬಹುದು. ಕೀಯ ಪ್ರತಿಗಳನ್ನೂ ನೋಡಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಒಂದು ರಿಕವರಿ ಕೀ ಇರಬಹುದು, ಯಾರೋ ಪ್ರಿಂಟ್ ತೆಗೆದು ಫೈಲಿಗೆ ಹಾಕಿರಬಹುದು.

ಹೊಸ ಮಷಿನ್‌ಗಳಿಗೆ ಈಗಲೇ ಎನ್‌ಕ್ರಿಪ್ಷನ್ ಹಾಕಿಸಿ ಅಕ್ಕಾ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ.

ಕಾರಂಜಾ ಸ್ಟುಡಿಯೋ (ಬೀದರ)

ನಾವು ಮದಿವಿ ಶೂಟಿಂಗ್ ಮಾಡೋರು, ಹಾರ್ಡ್ ಡಿಸ್ಕಿನ ಗುಡ್ಡೇನೇ ಅದ ನಮ್ ಹತ್ರ. ನನ್ನ ಅನುಭವ ಉಲ್ಟಾ. ನೀವೆಲ್ಲಾ ಹೋಗಬೇಕು ಅಂತೀರಿ, ನಮ್ ಗಿರಾಕಿಗಳು ಬರಬೇಕು ಅಂತ ಕಣ್ಣಾಗ ನೀರು ತಂದು ನಿಲ್ತಾರ. ಒಬ್ಬ ಅಕ್ಕ ತೀರಿಹೋದ ಗಂಡನ ವಿಡಿಯೋ ಹುಡುಕ್ಕೊಂಡು ಹುಮನಾಬಾದಿನಿಂದ ಬಂದಿದ್ರು. ಫಾರ್ಮ್ಯಾಟ್ ಆಗಿದ್ದ ಕಾರ್ಡಿನಿಂದ ಅದು ವಾಪಸ್ ಸಿಕ್ತು. ಹಂಗಾಗಿ ಫಾರ್ಮ್ಯಾಟ್ ಆದದ್ದೂ ಭಾಳ ಸಲ ವಾಪಸ್ ಬರ್ತದ ಅಂತ ನನಗ ಸ್ವಂತ ಗೊತ್ತದ.

ಕೊಲಂಬಿಯಾ ನೌಕಿ ಸುದ್ದಿ ಗೊತ್ತೇನ್ರಿ? 2003ರ ಫೆಬ್ರವರಿ 1ಕ್ಕ ಕಲ್ಪನಾ ಚಾವ್ಲಾ ಇದ್ದ ನೌಕಿ ಆಕಾಶದಾಗೇ ಚೂರಾಯ್ತಲ್ಲ, ಅದರಾಗಿನ ಒಂದು ಹಾರ್ಡ್ ಡಿಸ್ಕ್ ಟೆಕ್ಸಾಸಿನಾಗ ಒಣಗಿದ ಕೆರಿ ತಳದಾಗ ಸಿಕ್ತು. ಸುಟ್ಟು ಕರಕಾಗಿತ್ತು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವ್ರು ಅದರಾಗಿನ ಸುಮಾರು 99 ಪರ್ಸೆಂಟ್ ಡೇಟಾ ತಗದ್ರು. ವಿಜ್ಞಾನಿಗಳು ನೌಕಿಯಾಗ ಮಾಡಿ ಆ ಡಿಸ್ಕಿನಾಗ ಇಟ್ಟಿದ್ದ ಪ್ರಯೋಗದ ಫಲಿತಾಂಶ 2008ರಾಗ ಪ್ರಕಟ ಮಾಡಿದ್ರು. ಅಷ್ಟು ಎತ್ತರದಿಂದ ಬಿದ್ದದ್ದು ಉಳೀತದ ಅಂದ್ರ, ಭಂಗಾರದ ಚೀಲದಾಗ ಬಿದ್ದದ್ದು ಯಾಕ ಉಳಿಯಂಗಿಲ್ಲ?

ಗಂಜ್ ಗೆಳೆಯ

ಅಬ್ಬಾ! ಹಂಗಾದ್ರ ಭೀಮಾ ನದಿಗಿ ಒಗದ್ರೂ, ಮಾಳಗಿ ಮ್ಯಾಗ ಮೇ ತಿಂಗಳ ಬಿಸಿಲಿಗಿ ಇಟ್ರೂ ಉಪಯೋಗಿಲ್ಲ ಅಂದಂಗಾತು.

ಜಗತ್ ಸರ್ಕಲ್ ರಿಪೇರಿ

ಇಲ್ರಿ. ನೀರಿಗಿ ಪ್ಲೇಟ್ ಮ್ಯಾಗಿನ ಬರಹ ಹೋಗಂಗಿಲ್ಲ. ನಮ್ ಬಿಸಿಲು 44 ಡಿಗ್ರಿ ಮುಟ್ಟಿದ್ರೂ ಡಿಸ್ಕಿಗಿ ಅದೇನೂ ದೊಡ್ಡದಲ್ಲ, 60ರ ತನಕ ಓಡೋ ಹಂಗೇ ಮಾಡಿರ್ತಾರ.

ಹಳೆ ಕ್ಯಾಸೆಟ್

ಕಾರಂಜಾ ಅಣ್ಣಾರ, ವಿಷಯದಿಂದ ಹೊರಗ ಹೊಂಟೀನಿ, ಕ್ಷಮಿಸ್ರಿ. ನಮ್ ಮದಿವಿ ವಿಎಚ್‌ಎಸ್ ಕ್ಯಾಸೆಟ್ ಅದ. ಮ್ಯಾಗ ಬಿಳಿ ಬೂಷ್ಟು ಬಂದದ. ಕಂಪ್ಯೂಟರಿಗಿ ಹಾಕಿ ಕೊಡ್ತೀರೇನು?

ಕಾರಂಜಾ ಸ್ಟುಡಿಯೋ (ಬೀದರ)

ತರ್ರಿ ಅಕ್ಕಾ. ಆದ್ರ ಬೂಷ್ಟು ಇರೋ ಕ್ಯಾಸೆಟ್ ಮನ್ಯಾಗ ವಿಸಿಆರಿಗಿ ಹಾಕಬ್ಯಾಡ್ರಿ, ಹೆಡ್ಡೂ ಕೆಡ್ತದ, ಟೇಪೂ ಹರೀತದ. ಒಣ ಜಾಗದಾಗ ನಿಲ್ಲಿಸಿಡ್ರಿ.

ಶಹಾಬಾದ್ ಮೊಬೈಲ್

ಯಾರೂ ಫೋನಿನ ಮಾತೇ ಎತ್ತಲಿಲ್ಲ. ಮಂದಿ ಕಂಪ್ಯೂಟರಿಗಿಂತ ಜಾಸ್ತಿ ಮಾರೋದು ಫೋನ್. ಆಂಡ್ರಾಯ್ಡ್ 10ರ ಜೊತಿ ಬಂದ ಫೋನ್ ಮತ್ತ ಅದರ ಮುಂದಿನವು ಎಲ್ಲಾ ಮೊದಲಿನಿಂದ್ಲೇ ಎನ್‌ಕ್ರಿಪ್ಟ್ ಆಗಿರ್ತಾವ. ಗೂಗಲ್ ಖಾತಿ ತಗದು, ಸ್ಕ್ರೀನ್ ಲಾಕ್ ತಗದು, ಫ್ಯಾಕ್ಟರಿ ರಿಸೆಟ್ ಕೊಟ್ರ ಕೀ ಅಳಿಸಿಹೋಗ್ತದ. ಖಾತಿ ತಗಿಯಲಾರದೆ ರಿಸೆಟ್ ಮಾಡಿದ್ರ ತಗೊಂಡವ ಫೋನ್ ಚಾಲೂ ಮಾಡಿದಾಗ ನಿಮ್ ಜಿಮೇಲ್ ಕೇಳಬಹುದು, ಆಮ್ಯಾಗ ಫೋನ್ ಮಾಡಿ ಪಾಸ್‌ವರ್ಡ್ ಕೇಳ್ತಾರ. ಐಫೋನಿಗಿ ಸೆಟಿಂಗ್ಸಿನಾಗ ಇರೇಸ್ ಆಲ್ ಕಂಟೆಂಟ್ ಅಂತ ಅದ, ಅದೂ ಕೀ ಅಳಸ್ತದ.

ಭಾಳ ಹಳೆ ಆಂಡ್ರಾಯ್ಡ್ ಇದ್ರ ಸೆಕ್ಯುರಿಟಿ ಸೆಟಿಂಗಿನಾಗ ಮೊದಲು ಎನ್‌ಕ್ರಿಪ್ಟ್ ಫೋನ್ ಕೊಡ್ರಿ, ಅದು ಮುಗದಮ್ಯಾಗ ರಿಸೆಟ್. ಸಿಮ್ಮು, ಮೆಮೊರಿ ಕಾರ್ಡ್ ಕೈಲೆ ತಗೀರಿ. ಫೋನ್ ರಿಸೆಟ್ ಆದ್ರ ಕಾರ್ಡೂ ಖಾಲಿ ಆಗ್ತದ ಅಂತ ತಿಳಕೊಂಡವ್ರು ಭಾಳ ಮಂದಿ. ನನ್ನ ಅಂಗಡಿಗಿ ಬರೋ ಎಕ್ಸ್‌ಚೇಂಜ್ ಫೋನಿನಾಗ ಕಾರ್ಡ್ ಉಳಿದ್ರ ನಾನೇ ಗಿರಾಕಿ ಕೈಯಾಗ ವಾಪಸ್ ಇಡ್ತೀನಿ. ಎಲ್ಲಾ ಕಡಿ ಹಂಗಿರಂಗಿಲ್ಲ.

ಬಿಸಿಲ ನಾಡು ಅಣ್ಣಾ, ನಿಮಗೊಂದು ವಿನಂತಿ. ಫೋನಿಗಿ ಸುತ್ತಿಗಿ ಹಚ್ಚಬ್ಯಾಡ್ರಿ, ಡ್ರಿಲ್ ಅಂತೂ ಬ್ಯಾಡೇ ಬ್ಯಾಡ. ಒಳಗಿನ ಬ್ಯಾಟರಿಗಿ ತೂತು ಬಿದ್ರ ಭಗ್ ಅಂತ ಬೆಂಕಿ ಹತ್ತತದ. ಉಬ್ಬಿದ ಬ್ಯಾಟರಿ ಇದ್ರ ನಿಮ್ ಹತ್ರ ಇರೋ ಯಾವುದರ ಸರ್ವಿಸ್ ಅಂಗಡಿಗಿ ಕೊಟ್ಟು ಬ್ಯಾಟರಿ ತಗಸ್ರಿ, ಆಮ್ಯಾಗ ಬೋರ್ಡ್ ಮ್ಯಾಗಿನ ಚಿಪ್ ಒಡೀರಿ.

ಬಿಸಿಲ ನಾಡು

ಬ್ಯಾಟರಿ ಮಾತು ಖರೆ. ಅದು ಎಲ್ಲಾರೂ ತಲ್ಯಾಗಿಟ್ಕೋಬೇಕು.

ಕೋರ್ಟ್ ರೋಡ್ ಝೆರಾಕ್ಸ್

ಲೆಕ್ಕದ ತಂಗಿ, ನಿನ್ನ ಪಟ್ಟಿಯಾಗ ನನಗ ಹೆದರಿಕಿ ಆದದ್ದು ಝೆರಾಕ್ಸ್ ಮಷಿನ್. ಸಣ್ಣ ಟೇಬಲ್ ಮಷಿನ್ನಿಗಿ ಡಿಸ್ಕ್ ಇರಂಗಿಲ್ಲ. ದೊಡ್ಡವು, ಸ್ಕ್ಯಾನು ಪ್ರಿಂಟು ಎರಡೂ ಮಾಡೋವು, ಅವುಗಳಾಗ ಭಾಳ ಮಾಡೆಲ್ಲಿಗಿ ಒಳಗ ಹಾರ್ಡ್ ಡಿಸ್ಕ್ ಇರ್ತದ. ಕಾಪಿ ಹೊಡದದ್ದರ ಚಿತ್ರ ಅದರಾಗ ಕುಂತಿರಬಹುದು. 2010ರಾಗ ಅಮೆರಿಕದ ಸಿಬಿಎಸ್ ಸುದ್ದಿಯವ್ರು ಗೋದಾಮಿನಿಂದ ಹಳೆ ಕಾಪಿ ಮಷಿನ್ ಖರೀದಿ ಮಾಡಿ ಬಿಚ್ಚಿ ತೋರಿಸಿದ್ರು, ಒಳಗ ಬಫಲೋ ಊರಿನ ಪೊಲೀಸರ ಕಾಗದ ಸಿಕ್ಕಾವ. ಅದೇ ವರದಿಯಾಗ ಬಂದ ಅಫಿನಿಟಿ ಅನ್ನೋ ಆರೋಗ್ಯ ವಿಮಾ ಸಂಸ್ಥೆ 2013ರಾಗ 12 ಲಕ್ಷ ಡಾಲರಿಗಿ ಮ್ಯಾಗ ಕೊಟ್ಟು ಪ್ರಕರಣ ಮುಗಿಸ್ಕೋಬೇಕಾಯ್ತು.

ಅಡ್ಮಿನ್ ಮೆನುವಿನಾಗ ಡೇಟಾ ಓವರ್‌ರೈಟ್ ಇಲ್ಲಾ ಇನಿಷಿಯಲೈಜ್ ಅಂತ ಇರ್ತದ, ಅದನ್ನ ಓಡಸ್ರಿ. ಅಡ್ರೆಸ್ ಬುಕ್ಕಿನಾಗಿರೋ ಇಮೇಲ್, ಸ್ಕ್ಯಾನ್ ಫೋಲ್ಡರಿನ ಪಾಸ್‌ವರ್ಡ್ ಸುದ್ದಾ ತಗೀರಿ. ಬಾಡಿಗಿ ಮಷಿನ್ ಇದ್ರ ವಾಪಸ್ ಕೊಡೋ ಮೊದಲು ಸರ್ವಿಸಿನವನಿಂದ ಬರದು ತಗೋರಿ.

ಜಗತ್ ಸರ್ಕಲ್ ರಿಪೇರಿ

ಡಿವಿಆರ್ ಅಂತೂ ಸುಲಭ. ಒಳಗಿರೋದು ಮಾಮೂಲಿ ದೊಡ್ಡ ಹಾರ್ಡ್ ಡಿಸ್ಕೇ. ಡಿವಿಆರ್ ಮೆನುವಿನ ಫಾರ್ಮ್ಯಾಟ್ ಕ್ಷಣದಾಗ ಮುಗೀತಂದ್ರ ಅದು ಪೂರ್ತಿ ಅಳಿಸಿಲ್ಲ ಅಂತ ತಿಳೀರಿ. ಡಿಸ್ಕ್ ತಗದು ಕಂಪ್ಯೂಟರಿಗಿ ಹಚ್ಚಿ ಕ್ಲೀನ್ ಆಲ್ ಕೊಡ್ರಿ.

ಚಿತ್ತಾಪುರ ಕಾಕಾ

ನಾನು ಲೆಕ್ಕಪತ್ರದ ಕೆಲಸದಾಗೇ ತಲಿ ಬೆಳ್ಳಗ ಮಾಡ್ಕೊಂಡಾಂವ. ಎಲ್ಲಾರೂ ಅಳಸೋದೇ ಹೇಳ್ಲಕತ್ತೀರಿ. ಅವ್ವಾ ಮಗಳೇ, ಅಳಸಲಿಕ್ಕ ನಿನಗ ಹಕ್ಕದನೋ ಇಲ್ಲೋ ಅದು ಮೊದಲು ನೋಡು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಕೊಂಡಿರಬೇಕು. ಅಪೀಲು, ತನಿಖಾ ನಡದಿದ್ರ ಅದು ಇತ್ಯರ್ಥ ಆಗಿ ಒಂದು ವರ್ಷದ ತನಕ, ಯಾವುದು ಕೊನಿಗಿ ಬರ್ತದೋ ಅದು. ಗಿರಾಕಿ ಕಂಪನಿ ಆಗಿದ್ರ ಕಂಪನಿ ಕಾಯ್ದೆ ಎಂಟು ಹಣಕಾಸು ವರ್ಷ ಅಂತದ. ನೋಟೀಸ್ ಬಂದ ದಿನ ಮಿಲ್ಲಿನ ಮಾಲಕ ನಿಮ್ ಆಫೀಸಿಗೇ ಬರ್ತಾನ.

ಹಂಗಾಗಿ ಮೊದಲು ಹಳೆ ಡಿಸ್ಕಿನ ಲೆಕ್ಕ ಎಲ್ಲಾ ಹೊಸ ಮಷಿನ್ನಿಗಿ ತಗೋ. ಟ್ಯಾಲಿ ಬ್ಯಾಕಪ್ ಬರೇ ಕಾಪಿ ಆಯ್ತು ಅಂತ ಬಿಡಬ್ಯಾಡ, ಹೊಸದರಾಗ ರಿಸ್ಟೋರ್ ಮಾಡಿ ಒಂದೆರಡು ಲೆಡ್ಜರ್ ತಗದು ನೋಡು. ಕ್ಲೋಸಿಂಗ್ ಬ್ಯಾಲೆನ್ಸ್ ತಾಳಿ ಆಗಬೇಕು. ಅದಾದಮ್ಯಾಗ ಅಳಸು.

ಮತ್ತೊಂದು. ನಿಮ್ ಡ್ರಾವರಿನಾಗ ಗಿರಾಕಿಗಳ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ, ಪೆನ್‌ಡ್ರೈವಿನಂಥಾದ್ದು) ಬಿದ್ದಾವೇನು? ಎಲ್ಲಾ ಆಫೀಸಿನಾಗೂ ಇರ್ತಾವ, ಸಣ್ಣ ಚೀಟಿ ಅಂಟಿಸಿ ಮ್ಯಾಗ ಪಿನ್ ಬರದಿರ್ತಾರ.

ದಾಲ್‌ಮಿಲ್ ಲೆಕ್ಕ (ಕಲಬುರಗಿ)

ಅವ ಕಾಕಾ. ರಬ್ಬರ್ ಬ್ಯಾಂಡ್ ಹಾಕಿ ಒಂದು ಮಿಠಾಯಿ ಡಬ್ಬಿಯಾಗ ಇಟ್ಟಾರ. ಪಿನ್ನೂ ಮ್ಯಾಗೇ ಅದ.

ಚಿತ್ತಾಪುರ ಕಾಕಾ

ಅವು ಭಂಗಾರದ ಮಾಲಲ್ಲವ್ವಾ. ಅದು ಅವರ ಸಹಿ. ಪ್ರತಿಯೊಬ್ಬರಿಗೂ ಫೋನ್ ಹಚ್ಚಿ ವಾಪಸ್ ಕೊಟ್ಟು, ಮುಟ್ಟಿತು ಅಂತ ರಿಜಿಸ್ಟರಿನಾಗ ಸಹಿ ತಗೋ. ಯಾರದು ಅಂತ ಗೊತ್ತಾಗಲಾರದ್ದನ್ನ ಟೋಕನ್ ಸಾಫ್ಟ್‌ವೇರಿನಾಗ ಹಾಕಿ ನೋಡಿದ್ರ ಹೆಸರು, ಅವಧಿ ಕಾಣ್ತದ. ಅವಧಿ ಮುಗಿದಿದ್ರೂ ಮಾಲಕರನ್ನ ಕೇಳಿ ಅವರ ಎದುರಿಗೇ ಇನಿಷಿಯಲೈಜ್ ಮಾಡು. ಅವಧಿ ಇದ್ದು ಟೋಕನ್ ಕಳದಿದ್ರ ಕೊಟ್ಟ ಸಂಸ್ಥೆಗಿ ಹೇಳಿ ರದ್ದು ಮಾಡಿಸಬೇಕು.

ಗಂಜ್ ಗೆಳೆಯ

ನಾನೂ ಒಬ್ಬ ಅಡತಿ ವ್ಯಾಪಾರಿ. ಈ ಮಾತು ಓದಿ ನನ್ನ ಟೋಕನ್ ಎಲ್ಲದ ಅಂತ ಈಗೇ ಫೋನ್ ಹಚ್ಚಿ ಕೇಳ್ಲಕತ್ತೀನಿ.

ಕೋಟಿ ಹಿಂದಿನ ಓಣಿ

ಸಿಡಿ ಡಬ್ಬಿ ಉಳೀತು. ಹಿತ್ತಲದಾಗ ಹಾಕಿ ಬೆಂಕಿ ಹಚ್ಚಿದ್ರ?

ಕಡಗಂಚಿ ಕ್ಯಾಂಪಸ್

ಬೇಡ ಅಣ್ಣಾ, ಪ್ಲಾಸ್ಟಿಕ್ ಹೊಗೆ ಓಣಿಯ ಮಕ್ಕಳ ಎದೆಗೆ ಹೋಗುತ್ತದೆ. ಸಿಡಿಯಲ್ಲಿ ಡೇಟಾ ಇರುವ ಪದರ ಹೊಳೆಯುವ ಕಡೆ ಅಲ್ಲ, ಹೆಸರು ಬರೆಯುವ ಕಡೆಯ ಬಣ್ಣದ ಕೆಳಗೇ ಇರುತ್ತದೆ. ಆ ಕಡೆ ಮೊಳೆಯಿಂದ ಜೋರಾಗಿ ಕೆರೆದರೆ ಬೆಳ್ಳಿ ಪೊರೆ ಎದ್ದು ಬರುತ್ತದೆ. ಡಿವಿಡಿಗೆ ಇದು ನಡೆಯುವುದಿಲ್ಲ, ಅದರಲ್ಲಿ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ, ಕತ್ತರಿಸಲೇಬೇಕು. ಬಟ್ಟೆ ಸುತ್ತಿ ಕತ್ತರಿಸಿ, ಚೂರು ಹಾರುತ್ತದೆ. ಪೆನ್‌ಡ್ರೈವಿನ ಮೇಲಿನ ಪ್ಲಾಸ್ಟಿಕ್ ಬಿಚ್ಚಿ ಒಳಗಿನ ಕಪ್ಪು ಚಿಪ್ ಎರಡು ಹೋಳು ಮಾಡಿ. ಬೆಲೆ ಬಾಳುವ ಡೇಟಾ ಇದ್ದ ಪೆನ್‌ಡ್ರೈವನ್ನು ಯಾರಿಗೂ ಕೊಡಬೇಡಿ.

ನೌಬಾದ್ ನಾಗರಿಕ (ಬೀದರ)

ಒಡದ ಚೂರು, ಬೋರ್ಡ್ ಎಲ್ಲಾ ಕಸದ ಗಾಡಿಗಿ ಹಾಕಬ್ಯಾಡ್ರಿ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022 ಅಂತ ಅವ, 2023ರ ಏಪ್ರಿಲ್ 1ರಿಂದ ಜಾರಿ ಆಗ್ಯಾವ. ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಾಗ ವಿಚಾರಿಸಿದ್ರ ಪಟ್ಟಿ ಸಿಗ್ತದ. ಹೆಚ್ಚಿನವ್ರು ಬೆಂಗಳೂರು ಕಡಿ ಅದಾರ, ಹಂಗಾಗಿ ನಾಕ್ ಆಫೀಸಿನವ್ರು ಕೂಡಿ ಒಂದೇ ಸಲ ಕಳಸೋದು ಚಲೋ. ನಾಶ ಮಾಡಿದ ಪ್ರಮಾಣಪತ್ರ ಕೊಡ್ತಾರ, ಅದರಾಗ ಡಿಸ್ಕಿನ ಸೀರಿಯಲ್ ನಂಬರ್ ಬರೀಸ್ರಿ.

ಜಗತ್ ಸರ್ಕಲ್ ರಿಪೇರಿ

ಪ್ರಮಾಣಪತ್ರ ಇದ್ರೂ ಅಳಿಸಿಯೇ ಕಳಸ್ರಿ. ಮಾರ್ಗನ್ ಸ್ಟ್ಯಾನ್ಲಿ ಅಂಥ ದೊಡ್ಡ ಕಂಪನಿ ಹಳೆ ಡಿಸ್ಕ್ ವಿಲೇವಾರಿನ ಅನುಭವ ಇಲ್ಲದ ಸಾಗಾಟದವ್ರಿಗಿ ಕೊಟ್ಟಿತ್ತು. ಗಿರಾಕಿಗಳ ಡೇಟಾ ಇದ್ದ ಡಿಸ್ಕ್ ಆನ್‌ಲೈನ್ ಹರಾಜಿಗಿ ಬಂದವು. 2022ರಾಗ ಅಮೆರಿಕದ ಸೆಕ್ಯುರಿಟೀಸ್ ಆಯೋಗದ ಜೊತಿ 3.5 ಕೋಟಿ ಡಾಲರ್ ದಂಡಕ್ಕ ಒಪ್ಪಬೇಕಾಯ್ತು. 2003ರಾಗ ಎಂಐಟಿಯ ಇಬ್ಬರು 158 ಹಳೆ ಡಿಸ್ಕ್ ಕೊಂಡು ನೋಡಿದ ಲೆಕ್ಕ ಪ್ರಕಟ ಮಾಡಿದ್ರು. ನಡೀತಿದ್ದವು 129, ಸರಿಯಾಗಿ ಅಳಿಸಿದ್ದು ಬರೇ 12. ಮಾರಿದವ್ರೆಲ್ಲಾ ಅಳಿಸೀವಿ ಅಂತೇ ತಿಳಕೊಂಡಿರಬೇಕು.

ದಾಲ್‌ಮಿಲ್ ಲೆಕ್ಕ (ಕಲಬುರಗಿ)

ಎಲ್ಲಾರಿಗೂ ಭಾಳ ಉಪಕಾರ ಆಯ್ತ್ರಿ. ಈ ಪೂರ್ತಿ ಚರ್ಚಾ ಪ್ರಿಂಟ್ ತಗದು ಸರ್ ಮುಂದಿಟ್ಟೆ. ಕಾಕಾನ ಮಾತು ಓದಿ ಭಂಗಾರದವನಿಗಿ ಈಗ ಬ್ಯಾಡ ಅಂತ ಸ್ವತಃ ಫೋನ್ ಮಾಡಿದ್ರು. ಮೊದಲು ಬ್ಯಾಕಪ್ ತಾಳಿ ಮಾಡ್ತೀವಿ. ಟೋಕನ್ ಹಂಚೋದು ನನ್ನ ಪಾಲಿಗಿ ಬಂದದ. ನಡಿಯೋ ಡಿಸ್ಕಿಗಿ ಕ್ಲೀನ್ ಆಲ್, ಕೆಟ್ಟದ್ದು ಒಡಿಯೋದು. ಮಷಿನ್ ಡಿಸ್ಕ್ ಇಲ್ಲದಂಗ ಮೇಷ್ಟ್ರ ಶಾಲಿಗಿ ಕೊಡ್ಲಕ್ಕ ಸರ್ ಒಪ್ಪ್ಯಾರ. ಮೇಷ್ಟ್ರ, ಒಯ್ಯಲಿಕ್ಕ ಗಾಡಿ ವ್ಯವಸ್ಥಾ ಆಗ್ತದೇನ್ರಿ?

ಸಗರನಾಡು ಮೇಷ್ಟ್ರು (ಯಾದಗಿರಿ)

ಆಗುತ್ತದೆ ತಂಗೀ, ಆಗದೆ ಏನು. ನಮ್ಮೂರಿಂದ ಹತ್ತಿ ಹೇರಿಕೊಂಡು ಬರುವ ಗಾಡಿಗಳು ವಾಪಸ್ ಖಾಲಿ ಬರುತ್ತವೆ, ಒಬ್ಬರಿಗೆ ಹೇಳಿಡುತ್ತೇನೆ. ನಿಮ್ಮ ಸರ್‌ಗೆ ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಒಂದು ಪತ್ರ ಬರೆದು ಕೊಡಲು ಹೇಳಿ. ಕೊಡುವ ವಸ್ತುಗಳ ಪಟ್ಟಿ ಇರಲಿ, ಡಿಸ್ಕ್ ಇಲ್ಲ ಅಂತಲೂ ಬರೆದಿರಲಿ. ಇಬ್ಬರಿಗೂ ದಾಖಲೆ.

ಬಿಸಿಲ ನಾಡು

ಮೇಷ್ಟ್ರ, ಒಂದು ಎಸ್‌ಎಸ್‌ಡಿ ನಂದು. ವಿಳಾಸ ಖಾಸಗಿಯಾಗಿ ಕಳಸ್ರಿ.

ಗಂಜ್ ಗೆಳೆಯ

ಇನ್ನೊಂದು ನಂದು ಹಚ್ರಿ. ಮತ್ತ ನನ್ನ ಟೋಕನ್ ಸಿಕ್ತು, ನಾಳೆ ಹೋಗಿ ತರ್ತೀನಿ.

ಜಗತ್ ಸರ್ಕಲ್ ರಿಪೇರಿ

ಹಳೆ ಮಷಿನ್ನಿಗಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿನೇ ತಗೋರಿ ಇಬ್ಬರೂ, ಎನ್‌ವಿಎಂಇ ತಂದ್ರ ಆ ಬೋರ್ಡಿನಾಗ ಕೂಡಲಿಕ್ಕ ಜಾಗ ಇರಲಿಕ್ಕಿಲ್ಲ. ಲೆಕ್ಕದ ಅಕ್ಕಾರ, ಟಿ-8 ಸ್ಕ್ರೂಡ್ರೈವರ್ ನನ್ನ ಹತ್ರ ಅದ, ಕೆಟ್ಟ ಡಿಸ್ಕ್ ತಗೊಂಡು ಅಂಗಡಿಗಿ ಬರ್ರಿ, ನಿಮ್ ಕಣ್ಣ ಮುಂದೇ ಪ್ಲೇಟ್ ತಗದು ತೂತು ಹಾಕಿ ಕೊಡ್ತೀನಿ. ಬರೋ ಮೊದಲು ಪ್ರತಿ ಡಿಸ್ಕಿನ ಲೇಬಲ್ ಫೋಟೋ ತಗದಿಟ್ಕೋರಿ, ಸೀರಿಯಲ್ ನಂಬರ್ ರಿಜಿಸ್ಟರಿನಾಗ ಬರೀಲಿಕ್ಕ ಬೇಕಾಗ್ತದ.